ಮೈಯ ಗುಟ್ಟು, ಮನೆಯ ಮಾನ



ಕಳೆದ ಶ್ರಾವಣ ಮಾಸದಲ್ಲಿ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ ಹೋಗುವ ಸಂದರ್ಭ ನಮಗೆ ಒದಗಿಬಂದಿತ್ತು. ಸಂಜೆಯ ಪ್ರವಚನ ಮುಗಿದು, ಪ್ರಸಾದವೂ ಆಗಿ, ಜನರು ತಮ್ಮ ತಮ್ಮ ಮನೆಗಳತ್ತ ಹೊರಟಿದ್ದರು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಆಗ ವಯಸ್ಸಾದ ತಾಯಿಯೊಬ್ಬರು ಕಂಬದ ಬಳಿ ನಿಂತು, ಎಲ್ಲರೂ ಹೋಗುವವರೆಗೆ ಕಾಯ್ದು, ನಮ್ಮನ್ನು ಪಕ್ಕಕ್ಕೆ ಕರೆದರು. ಅವರು ಬಮ್ಮಿಗಟ್ಟಿಯವರಲ್ಲ, ನೆಂಟರ ಮನೆಗೆ ಬಂದವರು. ಅವರ ಮಗಳನ್ನು ಬೇರೆ ತಾಲೂಕಿನ ಒಂದು ಊರಿಗೆ ಕೊಟ್ಟಿದ್ದಾರೆ. ಆ ಮನೆಯಲ್ಲಿ ನಡೆದ ಸಂಗತಿಯನ್ನು ಅವರು ಸಣ್ಣ ದನಿಯಲ್ಲಿ ಹೇಳಿದರು.

ಮಗಳ ಮೈದುನನ ಮೇಲೆ ಒಂದು ಕಳವಿನ ಸಂಶಯ ಬಂದಿತ್ತು. ಪೊಲೀಸರು ಮನೆಯ ಝಡತಿಗೆ ಬಂದರು. ಓಣಿಯ ಇಬ್ಬರನ್ನು ಪಂಚರೆಂದು ಕರೆತಂದರು. ಟ್ರಂಕು, ಕಪಾಟು, ಕಾಳಿನ ಚೀಲ ಎಲ್ಲವನ್ನೂ ನೋಡಿದರು. ಕಳವಿನ ಮಾಲು ಸಿಗಲಿಲ್ಲ. ಆದರೆ ಸೀರೆಗಳ ಕೆಳಗೆ ಒಂದು ಫೈಲು ಸಿಕ್ಕಿತು. ಬಾಣಂತಿಯಾದ ಮೇಲೆ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, ಧಾರವಾಡದಲ್ಲಿ ಚಿಕಿತ್ಸೆ ಪಡೆದಿದ್ದ ಆ ಮಗಳ ಕಾಗದಪತ್ರಗಳು ಅದರಲ್ಲಿದ್ದವು. ಬಂದವರಲ್ಲಿ ಒಬ್ಬರು ಅದನ್ನು ಬಿಡಿಸಿ ಎಲ್ಲರೆದುರು ಗಟ್ಟಿಯಾಗಿ ಓದಿದರು; ಗುಳಿಗೆಯ ಹೆಸರನ್ನೂ ಓದಿದರು, ಅದು ಯಾತರ ಗುಳಿಗೆ ಎಂದೂ ಕೇಳಿದರು. ಮರುದಿನ ಬೆಳಗಾಗುವಷ್ಟರಲ್ಲಿ ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು. ಅಂದಿನಿಂದ ಆ ಮಗಳು ದವಾಖಾನೆಗೆ ಹೋಗುವುದನ್ನೂ ಗುಳಿಗೆ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದಾಳೆ.

"ಕಳುವಿನ ಮಾಲು ಹುಡುಕಾಕ ಬಂದವರು ನನ್ನ ಮಗಳ ದವಾಖಾನಿ ಚೀಟಿ ಯಾಕ ಓದಬೇಕಿತ್ರಿ, ಅಣ್ಣಾರ? ಕಾಯ್ದೆದಾಗ ಹಂಗ ಐತೇನ್ರಿ?" ಎಂದು ಆ ತಾಯಿ ಕೇಳಿದರು.

ಆ ಕ್ಷಣಕ್ಕೆ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. "ಹೆಸರು ಬರೀಬ್ಯಾಡ್ರಿ, ಸಂಗತಿ ಬರೀರಿ" ಎಂದು ಅವರೇ ಒಪ್ಪಿಗೆ ಕೊಟ್ಟದ್ದರಿಂದ, ಗುರುತು ತಿಳಿಯುವ ವಿವರಗಳನ್ನೆಲ್ಲ ಬಿಟ್ಟು, ಬಲ್ಲವರನ್ನು ಕೇಳಿ ತಿಳಿದದ್ದನ್ನು ಈ ತಿಂಗಳ ಅಂಕಣದಲ್ಲಿ ಬರೆಯುತ್ತಿದ್ದೇವೆ. ಕಾಯ್ದೆಯ ಮಾತು ಈ ಪುಟದಲ್ಲಿ ಅಪರೂಪ. ಆದರೆ ಇದು ಕಾಯ್ದೆಯ ಮಾತು ಮಾತ್ರವಲ್ಲ, ನಮ್ಮ ನಿಮ್ಮ ಮನೆಯ ಮಾತು.

ಮೊದಲು ಮೂಲದ ಪ್ರಶ್ನೆಯನ್ನು ನೋಡೋಣ. ಮನೆಯೊಳಗಿನ, ಮೈಯೊಳಗಿನ ಸಂಗತಿಯನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ನಮ್ಮ ಹಕ್ಕೇ? ಬಹಳ ಕಾಲ ಇದಕ್ಕೆ ಸ್ಪಷ್ಟವಾದ ಉತ್ತರವಿರಲಿಲ್ಲ. ೧೯೫೪ರಲ್ಲಿ ಝಡತಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಮೂರ್ತಿಗಳ ಪೀಠವು, ನಮ್ಮ ಸಂವಿಧಾನದಲ್ಲಿ ಅಂಥ ಖಾಸಗಿತನದ ಹಕ್ಕನ್ನು ಅಮೇರಿಕದ ಸಂವಿಧಾನದಂತೆ ಹೇಳಿಲ್ಲ ಎಂಬ ಅಭಿಪ್ರಾಯ ನೀಡಿತ್ತು. ಆ ಮಾತು ಅರವತ್ತು ವರ್ಷಕ್ಕೂ ಮಿಕ್ಕಿ ಉಳಿಯಿತು. ಅದನ್ನು ಅಳಿಸುವುದಕ್ಕೆ ಕಾರಣರಾದವರು ನಮ್ಮ ನಾಡಿನವರೇ ಆದ ಒಬ್ಬ ಹಿರಿಯರು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತರ ವಯಸ್ಸು ದಾಟಿದ ಮೇಲೆ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಸಂವಿಧಾನದ ೨೧ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನೊಳಗೇ ಇರುವ ಮೂಲಭೂತ ಹಕ್ಕು ಎಂದು ಸಾರಿದರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿದೆ.

ಹಾಗೆಂದು ಈ ಹಕ್ಕಿಗೆ ಎಲ್ಲೆಯೇ ಇಲ್ಲವೆಂದಲ್ಲ. ಅಪರಾಧದ ತನಿಖೆ ನಡೆಯಬೇಕು, ಕಳ್ಳ ಸಿಗಬೇಕು, ನೊಂದವರಿಗೆ ನ್ಯಾಯ ದೊರೆಯಬೇಕು. ಆದರೆ ಸರಕಾರವು ಈ ಹಕ್ಕಿನೊಳಗೆ ಕೈ ಹಾಕುವಾಗ ಅದಕ್ಕೊಂದು ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ತೀರ್ಪಿನ ತಿರುಳು ಇದು. ಆ ತಾಯಿಯ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ.

ಇನ್ನು ಝಡತಿಯ ನಿಯಮಗಳನ್ನು ನೋಡೋಣ. ೨೦೨೪ರ ಜುಲೈ ೧ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ನ್ಯಾಯಾಲಯದ ವಾರಂಟು ಇಲ್ಲದೆ ತುರ್ತಾಗಿ ಝಡತಿ ಮಾಡಬೇಕಾಗಿ ಬಂದರೆ, ಅಧಿಕಾರಿಯು ಅದಕ್ಕೆ ಕಾರಣವನ್ನೂ, ಸಾಧ್ಯವಾದಷ್ಟು ಮಟ್ಟಿಗೆ ಯಾವ ವಸ್ತುವಿಗಾಗಿ ಹುಡುಕಾಟ ಎಂಬುದನ್ನೂ ಮೊದಲೇ ಬರೆದಿಡಬೇಕೆಂದು ಅದರ ೧೮೫ನೆಯ ಕಲಂ ಹೇಳುತ್ತದೆ. ೧೦೩ನೆಯ ಕಲಮಿನ ಪ್ರಕಾರ ಆ ಭಾಗದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳು ಸಾಕ್ಷಿಗಳಾಗಿರಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ ಸಹಿ ಹಾಕಿಸಬೇಕು. ಮನೆಯವರ ಎದುರಿಗೇ ಝಡತಿ ನಡೆಯಬೇಕು. ಪಟ್ಟಿಯ ಪ್ರತಿಯನ್ನು ಅವರಿಗೆ ಕೊಡಬೇಕು. ೧೦೫ನೆಯ ಕಲಮಿನಂತೆ ಝಡತಿಯನ್ನೂ ಪಟ್ಟಿ ತಯಾರಿಸುವುದನ್ನೂ ಧ್ವನಿ ಮತ್ತು ಚಿತ್ರ ಎರಡೂ ಬರುವಂತೆ ಮೊಬೈಲಿನಲ್ಲಿಯೋ ಬೇರೆ ಸಾಧನದಲ್ಲಿಯೋ ದಾಖಲಿಸಬೇಕು. ಹೆಂಗಸರ ಮೈಯನ್ನು ಹೆಂಗಸರೇ, ಮಾನ ಮರ್ಯಾದೆಗೆ ಕುಂದಿಲ್ಲದಂತೆ ಪರೀಕ್ಷಿಸಬೇಕು.

ಈ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ತಿಳಿಯುತ್ತದೆ. ಝಡತಿ ಎಂಬುದು ಮನೆಯನ್ನೆಲ್ಲ ಬಯಲಿಗಿಡುವ ಕೆಲಸವಲ್ಲ; ಒಂದು ವಸ್ತುವನ್ನು ಹುಡುಕುವ ಕೆಲಸ. ಫೈಲಿನೊಳಗೆ ಏನಾದರೂ ಅಡಗಿಸಿದ್ದಾರೆಯೇ ಎಂದು ಬಿಡಿಸಿ ನೋಡುವುದಕ್ಕೆ ಅವಕಾಶವಿರಬಹುದು. ಆದರೆ ಕಳವಿಗೆ ಸಂಬಂಧವೇ ಇಲ್ಲದ ಬಾಣಂತಿಯ ಔಷಧಚೀಟಿಯನ್ನು ನೆರೆಹೊರೆಯವರಿಗೆ ಕೇಳುವಂತೆ ಓದುವುದಕ್ಕೆ ಆ ಕಾಯ್ದೆಯಲ್ಲಿ ಎಲ್ಲಿಯೂ ಆಧಾರ ಕಾಣುವುದಿಲ್ಲ. ನೋಡುವುದು ಬೇರೆ, ಸಾರುವುದು ಬೇರೆ.

ಈಗ ಕಾಗದದ ಫೈಲಿಗಿಂತ ದೊಡ್ಡ ಕಪಾಟು ನಮ್ಮ ಕಿಸೆಯಲ್ಲಿಯೇ ಇದೆ. ರಕ್ತಪರೀಕ್ಷೆಯ ವರದಿ, ಸ್ಕ್ಯಾನಿಂಗ್ ಚಿತ್ರ, ವೈದ್ಯರೊಡನೆ ಆಡಿದ ಮಾತು ಎಲ್ಲವೂ ಮೊಬೈಲಿನಲ್ಲಿವೆ. ಈ ಬಗ್ಗೆ ನಮ್ಮ ಉಚ್ಚ ನ್ಯಾಯಾಲಯವೇ ಒಂದು ಮುಖ್ಯ ತೀರ್ಪು ಕೊಟ್ಟಿದೆ. ವೀರೇಂದ್ರ ಖನ್ನಾ ಪ್ರಕರಣದಲ್ಲಿ ೨೦೨೧ರ ಮಾರ್ಚ್ ೧೨ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಮೊಬೈಲು ಅಥವಾ ಗಣಕಯಂತ್ರದ ಶೋಧಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕು, ತುರ್ತು ಸಂದರ್ಭದಲ್ಲಿ ವಾರಂಟಿಲ್ಲದೆ ಮಾಡಿದರೆ ಕಾರಣವನ್ನು ಬರೆದಿಡಬೇಕು ಎಂದರು. ಅದರಲ್ಲಿ ದೊರೆತ ಖಾಸಗಿ ವಿವರಗಳನ್ನು ತನಿಖೆಯ ಕಾಲದಲ್ಲಿ ನ್ಯಾಯಾಲಯದ ಲಿಖಿತ ಅನುಮತಿ ಇಲ್ಲದೆ ಹೊರಗಿನ ಯಾರಿಗೂ ಕೊಡಕೂಡದು ಎಂದೂ ತಿಳಿಸಿದರು. ಮೊಬೈಲಿಗೆ ಹೇಳಿದ ಈ ಮಾತಿನ ಹಿಂದಿನ ನ್ಯಾಯವು ಸೀರೆಯ ಕೆಳಗಿನ ಫೈಲಿಗೂ ಸಲ್ಲಬೇಕು ಎಂದು ನಮಗೆ ತೋರುತ್ತದೆ.

ವೈದ್ಯರ ಪಾಲಿನ ಕರ್ತವ್ಯವನ್ನೂ ತಿಳಿಯೋಣ. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಾವಳಿಯ ಪ್ರಕಾರ, ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹಬಾರದು. ನ್ಯಾಯಾಧೀಶರ ಆದೇಶವಿದ್ದಾಗ, ಒಬ್ಬ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದಾಗ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳಿದ್ದಾಗ ಮಾತ್ರ ಇದಕ್ಕೆ ಅಪವಾದ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಒಂದು ಹೆಜ್ಜೆ ಮುಂದೆ ಹೋಗಿ, ಮನಸ್ಸಿನ ಕಾಯಿಲೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕೇ ಎಂದು ೨೩ನೆಯ ಕಲಮಿನಲ್ಲಿ ಹೇಳಿದೆ. ರೋಗಿಯ ಒಪ್ಪಿಗೆ ಇಲ್ಲದೆ ಅವರ ಭಾವಚಿತ್ರವನ್ನಾಗಲಿ ಚಿಕಿತ್ಸೆಯ ವಿವರವನ್ನಾಗಲಿ ಪತ್ರಿಕೆ, ಟಿ.ವಿ.ಗಳಿಗೆ ಕೊಡಬಾರದೆಂದು ೨೪ನೆಯ ಕಲಮಿನಲ್ಲಿ ಹೇಳಿದೆ. ಅದೇ ವರ್ಷದ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯಂತೂ, ತಿಳಿವಳಿಕೆಯ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ತನಗೆ ಆ ಸೋಂಕಿದೆಯೇ ಇಲ್ಲವೇ ಎಂಬುದನ್ನು ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು ಎನ್ನುತ್ತದೆ. ಆದರೆ ಒಂದು ಮಾತು ನೆನಪಿನಲ್ಲಿರಲಿ: ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯದ ಕಾಯ್ದೆಯಲ್ಲಿ ಇರುವಂಥ ರಕ್ಷಣೆ ವೈದ್ಯರಿಗೆ ಹೇಳಿದ ಮಾತಿಗೆ ಇಲ್ಲ. ನ್ಯಾಯಾಲಯ ಕೇಳಿದರೆ ವೈದ್ಯರು ಹೇಳಬೇಕಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂಥ ಸಂಗತಿ ತಿಳಿದರೆ ಅದನ್ನು ತಿಳಿಸುವುದು ೨೦೧೨ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಗುಟ್ಟು ಅಪರಾಧಕ್ಕೆ ಮರೆಯಾಗಬಾರದಷ್ಟೆ.

ಇನ್ನು ವಿಚಾರಣೆಯ ವಿಷಯ. ಸಾಕ್ಷಿಯ ಹೇಳಿಕೆ ಬೇಕೆಂದು ಪೊಲೀಸರು ಕರೆದಾಗ, ಹೆಂಗಸರು, ೧೫ ವರ್ಷದೊಳಗಿನ ಹುಡುಗರು, ೬೦ ವರ್ಷ ಮೀರಿದ ಗಂಡಸರು, ಅಂಗವಿಕಲರು, ಮನಸ್ಸಿನ ನ್ಯೂನತೆ ಉಳ್ಳವರು, ತೀವ್ರವಾದ ಕಾಯಿಲೆಯಿಂದ ನರಳುತ್ತಿರುವವರು ಠಾಣೆಗೆ ಹೋಗಬೇಕಾಗಿಲ್ಲ. ಅವರು ವಾಸಿಸುವ ಸ್ಥಳಕ್ಕೇ ಬಂದು ಕೇಳಬೇಕು ಎಂದು ಸಂಹಿತೆಯ ೧೭೯ನೆಯ ಕಲಂ ಹೇಳುತ್ತದೆ. ತಾವಾಗಿಯೇ ಹೋಗಲು ಒಪ್ಪಿದರೆ ಅದು ಬೇರೆ ಮಾತು. ಕೇಳುವ ಪ್ರಶ್ನೆಗಳು ಪ್ರಕರಣಕ್ಕೆ ಸಂಬಂಧಿಸಿರಬೇಕು. "ನಿಮಗೇನು ಕಾಯಿಲೆ, ಯಾವ ಗುಳಿಗೆ?" ಎಂಬುದು ಪ್ರಕರಣಕ್ಕೆ ಸಂಬಂಧಿಸದಿದ್ದರೆ, "ಇದು ನನ್ನ ಖಾಸಗಿ ಸಂಗತಿ, ಇದಕ್ಕೂ ಪ್ರಕರಣಕ್ಕೂ ಏನು ಸಂಬಂಧ ಎಂಬುದನ್ನು ದಯಮಾಡಿ ತಿಳಿಸಿರಿ" ಎಂದು ಸೌಜನ್ಯದಿಂದ ಕೇಳಬಹುದು.

ಆದರೆ ಬಂಧನವೇ ಆದಾಗ ಪರಿಸ್ಥಿತಿ ಬೇರೆ. ಆಗ ಕಾಯಿಲೆಯನ್ನು ಮುಚ್ಚಿಡುವುದು ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೇಕು. ಮೂರ್ಛೆ ರೋಗದವರು ಒಂದು ಹೊತ್ತಿನ ಗುಳಿಗೆಯನ್ನೂ ತಪ್ಪಿಸಬಾರದು. ಬಂಧಿತರ ಆರೋಗ್ಯದ ಕಾಳಜಿ ವಹಿಸುವುದು ಅವರನ್ನು ವಶದಲ್ಲಿಟ್ಟುಕೊಂಡವರ ಕರ್ತವ್ಯವೆಂದು ೫೬ನೆಯ ಕಲಂ ಹೇಳುತ್ತದೆ. ಬಂಧನದ ಬೆನ್ನಿಗೇ ವೈದ್ಯಕೀಯ ತಪಾಸಣೆ ಆಗಬೇಕು, ಹೆಂಗಸರಾದರೆ ಮಹಿಳಾ ವೈದ್ಯರಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ ಆಗಬೇಕು, ವರದಿಯ ಪ್ರತಿಯನ್ನು ಬಂಧಿತರಿಗೆ ಅಥವಾ ಅವರು ಸೂಚಿಸಿದವರಿಗೆ ಕೊಡಬೇಕು ಎಂದು ೫೩ನೆಯ ಕಲಂ ಹೇಳುತ್ತದೆ. ೧೯೯೬ರ ಡಿ. ಕೆ. ಬಸು ತೀರ್ಪಿನಂತೆ, ವಶದಲ್ಲಿರುವವರೆಗೆ ಪ್ರತಿ ೪೮ ಗಂಟೆಗೊಮ್ಮೆ ವೈದ್ಯರ ತಪಾಸಣೆ ನಡೆಯಬೇಕು. ಅಪರಾಧಕ್ಕೆ ಸಾಕ್ಷ್ಯ ದೊರೆಯುವುದೆಂದು ನಂಬಲು ಕಾರಣವಿದ್ದರೆ, ಪೊಲೀಸರ ಕೋರಿಕೆಯಂತೆ ವೈದ್ಯರು ಬಂಧಿತರ ರಕ್ತ ಮುಂತಾದವುಗಳ ಪರೀಕ್ಷೆ ನಡೆಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ವೈದ್ಯರ ವರದಿ ಎಷ್ಟೋ ವೇಳೆ ಬಡವನ ಪಾಲಿನ ಏಕೈಕ ಸಾಕ್ಷಿ. ೨೦೧೬ರ ಜುಲೈ ತಿಂಗಳಲ್ಲಿ ಮಹದಾಯಿ ಹೋರಾಟದ ಕಾಲಕ್ಕೆ ನಮ್ಮದೇ ಜಿಲ್ಲೆಯ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು ಮುದುಕರೆನ್ನದೆ ಹೊಡೆದ ಸಂಗತಿ ನಾಡಿಗೆಲ್ಲ ತಿಳಿದದ್ದು. ಅಂಥ ಹೊತ್ತಿನಲ್ಲಿ ಮೈಮೇಲಿನ ಬಾಸುಂಡೆಯನ್ನು ಕಾಗದದ ಮೇಲೆ ನಿಲ್ಲಿಸುವುದು ವೈದ್ಯರ ತಪಾಸಣೆಯೇ. ಆದ್ದರಿಂದ ವೈದ್ಯರೆದುರಿಗೆ ಬಾಯಿ ಬಿಡಬೇಕು, ಊರೆದುರಿಗಲ್ಲ.

ಮೈಯ ಗುಟ್ಟಿಗಿಂತಲೂ ಒಳಗಿನದು ಮನಸ್ಸಿನ ಗುಟ್ಟು. ಅದನ್ನೂ ಸೂಜಿಯಿಂದ ಹೊರತೆಗೆಯುವ ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆದಿತ್ತು. ಸೋಡಿಯಂ ಪೆಂಟೋಥಾಲ್ ಎಂಬ ಮದ್ದನ್ನು ಚುಚ್ಚಿ, ಅರೆಪ್ರಜ್ಞೆಯಲ್ಲಿರುವವರನ್ನು ಪ್ರಶ್ನಿಸುವ ಮಂಪರು ಪರೀಕ್ಷೆಗೆ ೨೦೦೦ದ ನಂತರದ ವರ್ಷಗಳಲ್ಲಿ ಬೆಂಗಳೂರು ಹೆಸರಾಗಿತ್ತು. ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರದವನಾದ, ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಪರೀಕ್ಷೆಯ ದೃಶ್ಯಗಳು ಮುಂದೆ ಟಿ.ವಿ.ಯಲ್ಲಿಯೂ ಬಂದವು. ಅವನು ತಪ್ಪಿತಸ್ಥ, ಶಿಕ್ಷೆಯೂ ಆಯಿತು. ಆದರೂ ವೈದ್ಯರ ಮೇಜಿನ ಮೇಲೆ ಎಚ್ಚರವಿಲ್ಲದೆ ಮಲಗಿದವನ ತೊದಲುಮಾತನ್ನು ಮನೆಮನೆಯಲ್ಲಿ ಕೂತು ನೋಡಿದ್ದು ಸರಿಯೇ ಎಂದು ನಾವು ಅಂದು ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆಗೆ ಉತ್ತರ ಬಂದದ್ದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ. ೨೦೧೦ರ ಮೇ ೫ರಂದು ಸರ್ವೋಚ್ಚ ನ್ಯಾಯಾಲಯವು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ಪರೀಕ್ಷೆ ಇವು ಯಾವುದನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ನಡೆಸಕೂಡದು ಎಂದು ತೀರ್ಪು ನೀಡಿತು. ಠಾಣೆಯಲ್ಲಿ ಒಂದು ಕಾಗದದ ಮೇಲೆ ಹಾಕಿಸಿಕೊಂಡ ಸಹಿ ಸಾಲದು. ಸುಳ್ಳು ಪತ್ತೆ ಪರೀಕ್ಷೆಗೆ ಒಪ್ಪುವವರು ನ್ಯಾಯಾಧೀಶರ ಮುಂದೆ ಒಪ್ಪಿಗೆ ದಾಖಲಿಸಬೇಕು, ಅವರಿಗೆ ವಕೀಲರ ನೆರವು ಇರಬೇಕು ಎಂಬ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಆ ತೀರ್ಪು ಹೇಳಿದೆ.

ಬಂಧುಗಳೇ, ಇಲ್ಲಿಯವರೆಗೆ ಹೇಳಿದ್ದು ಪೊಲೀಸರಿಗೂ ವೈದ್ಯರಿಗೂ ಕಾಯ್ದೆ ಹಾಕಿದ ಕಟ್ಟುಪಾಡು. ಇನ್ನು ನಮ್ಮ ಮಾತು. ಆ ಮನೆಯಲ್ಲಿ ಫೈಲನ್ನು ಓದಿದವರು ಪೊಲೀಸರು. ಗಿರಣಿಯವರೆಗೆ ಒಯ್ದವರು ಯಾರು? ಪಂಚರಾಗಿ ಬಂದ ನೆರೆಮನೆಯವರು. ನಮ್ಮಲ್ಲಿ ಎಷ್ಟು ಜನರ ಮನೆಗೆ ಪೊಲೀಸರು ಝಡತಿಗೆ ಬರುತ್ತಾರೆ? ಬಹಳ ಕಡಿಮೆ. ಆದರೆ ಪಂಚರಾಗಿ ಹೋಗುವ ಪ್ರಸಂಗ ನಮ್ಮಲ್ಲಿ ಯಾರಿಗೂ ಬರಬಹುದು. ಕಾಯ್ದೆಯು ಆ ಕೆಲಸಕ್ಕೆ ಗೌರವಸ್ಥ ನಿವಾಸಿಗಳನ್ನೇ ಕೇಳುತ್ತದೆ. ಯಾವ ವಸ್ತು ಎಲ್ಲಿ ಸಿಕ್ಕಿತು ಎಂಬುದನ್ನು ಕಣ್ಣಾರೆ ನೋಡಿ, ಪಟ್ಟಿಯನ್ನು ಓದಿ, ಸಹಿ ಹಾಕುವುದು ಪಂಚರ ಕೆಲಸ. ನ್ಯಾಯಾಲಯ ಕರೆದರೆ ಅಲ್ಲಿ ನಿಜವನ್ನು ಹೇಳುವುದೂ ಅವರ ಕೆಲಸ. ಆ ಮನೆಯ ಬಾಣಂತಿಗೆ ಯಾವ ಕಾಯಿಲೆ, ಮುದುಕರಿಗೆ ಯಾವ ಔಷಧ ಎಂಬುದನ್ನು ಹೊತ್ತು ತರುವುದಲ್ಲ. "ಸಾಹೇಬರೇ, ಇದು ದವಾಖಾನೆಯ ಕಾಗದ, ಇದನ್ನು ಓದುವುದು ಬೇಡ" ಎಂದು ಪಂಚರೇ ಒಂದು ಮಾತು ಹೇಳಿದ್ದರೆ, ಬಹುಶಃ ಅಂದು ಆ ಫೈಲು ಮತ್ತೆ ಸೀರೆಯ ಕೆಳಗೇ ಹೋಗುತ್ತಿತ್ತು.

ಮನಸ್ಸಿನ ಕಾಯಿಲೆಯನ್ನು ಹುಚ್ಚು ಎಂದು ಕರೆಯುವ ನಮ್ಮ ನಾಲಿಗೆಯೂ ಈ ತಪ್ಪಿನಲ್ಲಿ ಪಾಲುದಾರ. ಹೆರಿಗೆಯ ನಂತರ ಮನಸ್ಸು ಕುಗ್ಗುವುದು, ನಿದ್ದೆ ಕೆಡುವುದು, ಭಯ ಹಿಡಿಯುವುದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಗಳು. ಜ್ವರಕ್ಕೆ ಗುಳಿಗೆ ನುಂಗುವವರನ್ನು ನಾವು ಹಂಗಿಸುವುದಿಲ್ಲ. ಇದಕ್ಕೆ ಮಾತ್ರ ಏಕೆ ಹಂಗಿಸಬೇಕು? ಗುಟ್ಟು ಬಯಲಾದರೆ ಹೋಗುವುದು ಮಾನ ಮಾತ್ರವಲ್ಲ, ಮದ್ದೂ ನಿಲ್ಲುತ್ತದೆ.

ಮನೆಗಳಲ್ಲಿ ಪಾಲಿಸಬಹುದಾದ ಕೆಲವು ಸೂಚನೆಗಳನ್ನೂ ಹೇಳುತ್ತೇವೆ. ದವಾಖಾನೆಯ ಕಾಗದಗಳನ್ನು ಬೇರೆ ಕಾಗದಗಳೊಡನೆ ಬೆರೆಸದೆ ಒಂದು ಲಕೋಟೆಯಲ್ಲಿಟ್ಟು, ಮೇಲೆ "ವೈದ್ಯಕೀಯ ಕಾಗದಪತ್ರ" ಎಂದು ಬರೆದಿಡಿರಿ. ಝಡತಿಗೆ ಬಂದವರನ್ನು ತಡೆಯಬೇಡಿರಿ, ಜಗಳಕ್ಕೆ ನಿಲ್ಲಬೇಡಿರಿ. ಅವರ ಹೆಸರು, ಹುದ್ದೆ, ಠಾಣೆ ಕೇಳಿ ಬರೆದುಕೊಳ್ಳಿರಿ. ಯಾವ ವಸ್ತುವಿನ ಹುಡುಕಾಟ ಎಂದು ಕೇಳಿರಿ. ವೈದ್ಯಕೀಯ ಕಾಗದ ಸಿಕ್ಕರೆ ಗಟ್ಟಿಯಾಗಿ ಓದದಂತೆ ವಿನಂತಿಸಿರಿ. ತನಿಖೆಗೆ ಬೇಕೆಂದು ಒಯ್ಯುವುದಾದರೆ ಪಟ್ಟಿಯಲ್ಲಿ ಬರೆಸಿ, ಲಕೋಟೆಯಲ್ಲಿ ಮೊಹರು ಮಾಡುವಂತೆ ಕೇಳಿಕೊಳ್ಳಿರಿ. ಪಟ್ಟಿಯ ಪ್ರತಿಯನ್ನು ಬಿಡಬೇಡಿರಿ. ನಿತ್ಯದ ಔಷಧವನ್ನು ಒಯ್ದರೆ ಅಂದೇ ವೈದ್ಯರಿಂದ ಬೇರೆ ಚೀಟಿ ಬರೆಸಿಕೊಳ್ಳಿರಿ.

ಅನ್ಯಾಯವಾಯಿತೆಂದು ಕಂಡರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಡಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲರ ನೆರವು ದೊರೆಯುತ್ತದೆ. ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕೇಳಬಹುದು. ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾದರೆ ಹಿಂದೆ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ೨೦೦೮ರಿಂದ ಅದರ ಪೀಠ ನಮ್ಮ ಧಾರವಾಡದಲ್ಲಿಯೇ ಇದೆ, ೨೦೧೩ರಿಂದ ಅದು ಶಾಶ್ವತ ಪೀಠವೂ ಆಗಿದೆ.

ಇದನ್ನೆಲ್ಲ ತಿಳಿದ ಮೇಲೆ ನಾವು ಆ ತಾಯಿಗೆ ದೂರವಾಣಿ ಮಾಡಿದೆವು. "ತಾಯೀ, ಕಾಯ್ದೆಯಲ್ಲಿ ಹಾಗೆ ಇಲ್ಲ. ನಿಮ್ಮ ಮಗಳು ತಪ್ಪು ಮಾಡಿಲ್ಲ, ನಾಚಿಕೆಪಡಬೇಕಾದವಳು ಅವಳಲ್ಲ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಆಕಿಗೇ ಒಂದ್ಸಲ ಹೇಳ್ರಿ, ಅಣ್ಣಾರ" ಎಂದರು. ನಾವು ಹೇಳಿದ್ದೇವೆ. ಮುಂದಿನ ವಾರ ತಾಯಿಯೇ ಜೊತೆಗೆ ಹೋಗಿ ದವಾಖಾನೆಗೆ ತೋರಿಸಿಕೊಂಡು ಬರುವುದೆಂದು ಮಾತಾಗಿದೆ. ಬಸ್ಸಿನಲ್ಲಿ ಅವರನ್ನು ಕಂಡವರು ಎಲ್ಲಿಗೆ ಹೊರಟಿರಿ, ಏಕೆ ಹೊರಟಿರಿ ಎಂದು ಕೇಳದಿರಲಿ. "ಆರಾಮ ಇದ್ದೀರೇನ್ರಿ" ಎಂದಷ್ಟೇ ಕೇಳಿ, ಪಕ್ಕದಲ್ಲಿ ಜಾಗ ಮಾಡಿ ಕೊಡಲಿ.